ಉಗ್ರಾಣದಲ್ಲಿಟ್ಟ ಹಸಿರು ಬಣ್ಣ

ಕಳೆದ ವಾರ ನಮ್ಮ ಗೇಟಿಗೆ ಬಣ್ಣ ಹಚ್ಚಲು ಬಂದವನು ಕೆಲಸ ಮುಗಿಸಿದ. ಡಬ್ಬಿಯ ತಳದಲ್ಲಿ ಇನ್ನೂ ಎರಡು ಬೆರಳಿನಷ್ಟು ಹಸಿರು ಉಳಿದಿತ್ತು. ಅವನು ಅದನ್ನು ಚರಂಡಿಗೆ ಒಗೆಯಲು ಕೈ ಎತ್ತಿದ. ಈ ವಯಸ್ಸಿನಲ್ಲೂ ನಾನು ಓಡಬಲ್ಲೆ ಎಂಬುದು ನನಗೇ ಗೊತ್ತಾದದ್ದು ಆಗ. ಅವನ ಕೈಯಿಂದ ಡಬ್ಬಿ ಕಸಿದುಕೊಂಡು, ಎದೆಗವಚಿಕೊಂಡು ಒಳಗೆ ಬಂದೆ. ಎಂ.ಸಿ.ಸಿ. ಬಡಾವಣೆಯ ನಮ್ಮ ಬೀದಿಯಲ್ಲಿ ನನಗೆ ತಕ್ಕಮಟ್ಟಿಗೆ ಗೌರವವಿದೆ. ಅದರಲ್ಲಿ ಸ್ವಲ್ಪ ಅಂದು ಕಡಿಮೆಯಾಗಿರಬೇಕು.

"ಅದನ್ನೂ ತಂದ್ರಾ?" ಅಂದಳು ನನ್ನ ಹೆಂಡತಿ. "ಮೆಟ್ಟಿಲ ಕೆಳಗೆ ಪೊರಕೆ ಇಡಾಕೂ ಜಾಗ ಇಲ್ಲ. ಎಲ್ಲಾ ನಿಮ್ಮ ಡಬ್ಬಿಗಳೇ. ಅವೂ ನೆಟ್ಟಗೆ ನಿಂತಿದ್ರೆ ಮಾತು ಬೇರೆ. ಎಲ್ಲಾ ತಲೆ ಕೆಳಗೆ ಕಾಲು ಮ್ಯಾಲೆ."

ಮಾತು ಸುಳ್ಳಲ್ಲ. ಬಣ್ಣದ ಡಬ್ಬಿಯನ್ನು ಬೋರಲು ಹಾಕಿ ಇಡುವುದು ನನ್ನ ರೂಢಿ. ನಾನು ದುಡಿಯುತ್ತಿದ್ದ ಕಾಲದಲ್ಲಿ ಕಾರ್ಖಾನೆಯಲ್ಲೂ ಹಾಗೇ ಇಡುತ್ತಿದ್ದೆ, ಈಗ ಮನೆಯಲ್ಲೂ ಹಾಗೇ. ಗಾಳಿ ಸೋಕಿದ ಬಣ್ಣ ಹಾಲಿನ ಹಾಗೆ ಕೆನೆ ಕಟ್ಟುತ್ತದೆ. ಡಬ್ಬಿ ಬೋರಲಿದ್ದರೆ ಆ ಕೆನೆ ತಳಕ್ಕೆ ಹೋಗುತ್ತದೆ. ಮುಚ್ಚಳ ತೆಗೆದಾಗ ಮೇಲೆ ಹಸನಾದ ಬಣ್ಣ ಸಿಗುತ್ತದೆ. ಇಷ್ಟೇ ಗುಟ್ಟು. ಆದರೆ ಇಷ್ಟೇ ಎಂದು ಹೇಳಿ ಸುಮ್ಮನಾಗುವ ಸ್ವಭಾವ ನನ್ನದಲ್ಲ. ನಿಮಗೂ ಈಗ ಬೇರೆ ಕೆಲಸವಿಲ್ಲವೆಂದುಕೊಂಡಿದ್ದೇನೆ. ಕೂಡ್ರಿ.

ನಾನು ಬೆಳೆದದ್ದು ದಾವಣಗೆರೆಯ ಹಳೇ ಪೇಟೆಯಲ್ಲಿ, ಹತ್ತಿ ವ್ಯಾಪಾರದ ಮನೆಯಲ್ಲಿ. ನಮ್ಮ ಮನೆಯಲ್ಲಿ ಹತ್ತಿ ಇಲ್ಲದ ಜಾಗವಿರಲಿಲ್ಲ. ದಿಂಬಿನಲ್ಲಿ, ದೀಪದಲ್ಲಿ, ಅಜ್ಜಿಯ ಕಿವಿಯಲ್ಲಿ, ಅಪ್ಪಾಜಿಯ ಮೀಸೆಯಲ್ಲಿ, ಕೆಲವು ಸಲ ಸಾರಿನಲ್ಲಿ ಕೂಡ. ಅಪ್ಪಾಜಿ ಹತ್ತಿಯ ಒಂದು ಎಳೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದು, ಅದು ಯಾವ ಊರಿನ ಹೊಲದ್ದೆಂದು ಹೇಳುತ್ತಿದ್ದರು. ಅದೇ ಎಳೆಯನ್ನು ನನ್ನ ಕೈಗೆ ಕೊಟ್ಟರೆ ನನಗೆ ಅದು ಹತ್ತಿ ಎಂಬುದಷ್ಟೇ ತಿಳಿಯುತ್ತಿತ್ತು. ನನ್ನ ಬೆರಳಿಗೆ ತಿಳಿಯುತ್ತಿದ್ದುದು ಕಟ್ಟಿಗೆ. ಒಂದು ತುಂಡು ತೇಗ ಸಿಕ್ಕರೆ ಅದರಲ್ಲಿ ಚಕ್ಕಡಿ, ಕೊಳವೆ, ರೈಲಿನ ಎಂಜಿನ್, ಏನಾದರೂ ಕೆತ್ತಬೇಕು. ಕೆತ್ತಿದ ಮೇಲೆ ಅದಕ್ಕೆ ಬಣ್ಣ ಹಚ್ಚಬೇಕು. ಬಣ್ಣ ಹಚ್ಚದ ಮಾದರಿ ನನ್ನ ಕಣ್ಣಿಗೆ ಅಂಗಿ ಹಾಕದ ಮದುಮಗನ ಹಾಗೆ ಕಾಣುತ್ತಿತ್ತು.

ಬಣ್ಣ ಎಲ್ಲಿಂದ ಬರಬೇಕು? ಐವತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ನಮ್ಮ ಪೇಟೆಯ ಮಟ್ಟಿಗೆ ಲೋಕದಲ್ಲಿ ಇದ್ದದ್ದು ಮೂರೇ ಬಣ್ಣ: ಬಾಗಿಲಿಗೆ ಹಸಿರು, ಕಿಟಕಿಯ ಸರಳಿಗೆ ಕಪ್ಪು, ಹೊಸ್ತಿಲಿಗೆ ಕೆಂಪು. ಉಳಿದ ಬಣ್ಣಗಳೆಲ್ಲ ಲಾರಿಗಳಿಗೆ ಮೀಸಲು. ಆ ಲಾರಿಗಳಿಗೆ ಬಣ್ಣ ಬರೆಯುತ್ತಿದ್ದವನು ನಮ್ಮ ಓಣಿಯ ಕೊನೆಯಲ್ಲಿದ್ದ ಪೇಂಟರ್ ಹನುಮಂತಪ್ಪ. ಲಾರಿಯ ಹಣೆಯ ಮೇಲೆ ಎರಡು ನವಿಲು, ಬೆನ್ನಿನ ಮೇಲೆ ಒಂದು ಕಮಲ, ಇದು ಅವನ ಕಟ್ಟಳೆ. ನವಿಲುಗಳು ಸ್ವಲ್ಪ ಕೋಳಿಯ ಹಾಗೆ ಇರುತ್ತಿದ್ದವು. ಲಾರಿಯವರು ಆಕ್ಷೇಪಿಸುತ್ತಿರಲಿಲ್ಲ, ಕೋಳಿಗಳೂ ಆಕ್ಷೇಪಿಸಲಿಲ್ಲ.

ಹನುಮಂತಪ್ಪ ಒಂದು ದಿನ ನನ್ನನ್ನು ಕರೆದು ಸಣ್ಣ ಸಣ್ಣ ಡಬ್ಬಿಗಳ ಒಂದು ಪೆಟ್ಟಿಗೆ ಮುಂದಿಟ್ಟ. ಹನ್ನೊಂದು ಡಬ್ಬಿ.

"ಸತ್ತಾವೆ ಅಂತ ಒಗೀಬೇಕು ಅಂದ್ಕೊಂಡಿದ್ದೆ ಕೊಟ್ರೇಶಿ. ನಿನ್ನ ಗೊಂಬಿಗೆ ಆದಾವು. ಬದುಕಿಸ್ಕೋತಿಯಾ?"

"ಹೆಂಗೆ ಬದುಕಿಸೋದು?"

"ಹೆಂಗೆ ಅಂತ ಕೇಳಿದೆಲ್ಲ, ಅಲ್ಲೇ ಅರ್ಧ ಬದುಕಿದ್ವು ತಗಾ."

ಅವನು ಹೇಳಿಕೊಟ್ಟದ್ದನ್ನು ನಾನು ಇಂದಿಗೂ ಮರೆತಿಲ್ಲ. ಒಣಗಿದ ಕೆನೆಯನ್ನು ಎಂದೂ ಒಳಗೆ ಕಲಕಬಾರದು, ಕಲಕಿದರೆ ಬಣ್ಣ ಪಾಯಸವಾಗುತ್ತದೆ. ಚಾಕುವಿನ ತುದಿಯಿಂದ ಅಂಚಿನ ಸುತ್ತ ಕೊಯ್ದು, ದೋಸೆ ಎತ್ತುವ ಹಾಗೆ ಇಡಿಯಾಗಿ ಎತ್ತಬೇಕು. ಡಬ್ಬಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂಡಿಸಿ ಅದರ ಮೈ ಬೆಚ್ಚಗಾಗಲು ಬಿಡಬೇಕು. ಆಮೇಲೆ ಕಡ್ಡಿಯಿಂದ ತಳ ಮುಟ್ಟಿ ನಿಧಾನವಾಗಿ ತಿರುವಬೇಕು. ಟರ್ಪೆಂಟೈನ್ ಹನಿ ಹನಿಯಾಗಿ ಬೀಳಬೇಕು, ಕೂಸಿಗೆ ಔಷಧ ಕುಡಿಸುವ ಹಾಗೆ. ಕೊನೆಗೆ ಹಳೆಯ ಧೋತರದ ತುಂಡಿನಲ್ಲಿ ಸೋಸಬೇಕು. ಮುಚ್ಚಿಡುವ ಮುಂಚೆ ತೊಳೆದು ಒಣಗಿಸಿದ ಹರಳುಕಲ್ಲು ಹಾಕಿ ಬಣ್ಣದ ಮಟ್ಟ ಏರಿಸಬೇಕು, ಗಾಳಿಗೆ ಡಬ್ಬಿಯಲ್ಲಿ ಜಾಗ ಉಳಿಯಬಾರದು. ಮೇಲೆ ಒಂದು ಪದರ ಟರ್ಪೆಂಟೈನ್ ಬಿಟ್ಟು, ಮುಚ್ಚಳ ಬಿಗಿದು, ಸುತ್ತ ಮೇಣ ಹಚ್ಚಿ, ಬೋರಲು ಹಾಕಬೇಕು.

"ಇನ್ನೊಂದು ನೆನಪಿಟ್ಕೋ," ಅಂದಿದ್ದ. "ಬಹಳ ದಿನ ಇಟ್ಟ ಬಣ್ಣದ ಮ್ಯಾಲೆ ತಿಳಿ ಎಣ್ಣೆ ನಿಂತಿರ್ತೈತೆ. ಅದನ್ನ ಚೆಲ್ಲಬ್ಯಾಡ. ಅದು ಬಣ್ಣದ ಜೀವ. ಪೂರಾ ಒಳಗೆ ಕಲಕು."

ಈ ಕೊನೆಯ ಮಾತು ಮುಂದೆ ನನ್ನ ಕುತ್ತಿಗೆಗೆ ಬಂತು. ಅದರಲ್ಲಿ ಹನುಮಂತಪ್ಪನ ತಪ್ಪಿಲ್ಲ.

ಹನ್ನೊಂದರಲ್ಲಿ ಒಂಬತ್ತು ಬದುಕಿದವು. ಹರಿಹರದ ಹೊಳೆಯಿಂದ ಹರಳುಕಲ್ಲು ಆರಿಸಿ ತಂದು ಹಾಕಿದೆ. ಇಡುವುದಕ್ಕೆ ತಂಪಾದ, ಕತ್ತಲೆಯ ಜಾಗ ಬೇಕಿತ್ತು. ನಮ್ಮ ಮನೆಯಲ್ಲಿ ಅಂಥ ಜಾಗ ಒಂದೇ, ಅಜ್ಜಿಯ ಉಗ್ರಾಣ. ಅಜ್ಜಿ ಎಂದರೆ ಅಪ್ಪಾಜಿಯ ತಾಯಿ. ಆ ಉಗ್ರಾಣದಲ್ಲಿ ಉಪ್ಪಿನಕಾಯಿಯ ಜಾಡಿಗಳು ಹಿರಿಯರ ಸಭೆಯ ಹಾಗೆ ಸಾಲಾಗಿ ಕೂತಿರುತ್ತಿದ್ದವು. ಮೂರು ವರ್ಷದ ನಿಂಬೆ, ಎರಡು ವರ್ಷದ ಮಾವು, ಯಾರ ಬಾಣಂತನಕ್ಕೆಂದೋ ಎತ್ತಿಟ್ಟ ಹುಣಸೆ. ಒಳಗೆ ಹೋಗುವಾಗ ಸೊಸೆಯಾದ ನನ್ನ ಅವ್ವ ಕೂಡ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಅಜ್ಜಿಯ ಮುಖ ನೋಡುತ್ತಿದ್ದಳು. ಅಂಥಲ್ಲಿ ನನ್ನ ಒಂಬತ್ತು ಡಬ್ಬಿಗೆ ಒಂದು ಗೂಡು ಸಿಕ್ಕಿತು.

"ಜಾಡಿಗೆ ತಾಗಿಸಬ್ಯಾಡ," ಅಂದಳು ಅಜ್ಜಿ. "ಇನ್ನ ಚಿಂತಿ ಬಿಡು. ನನ್ನ ಉಗ್ರಾಣದಾಗೆ ಇಟ್ಟಿದ್ದು ಇವತ್ತಿನ ತನಕ ಏನೂ ಕೆಟ್ಟಿಲ್ಲ."

ಅದು ಬರೀ ಅನುಮತಿಯಲ್ಲ, ಅವಳು ಜವಾಬ್ದಾರಿಯನ್ನೂ ವಹಿಸಿಕೊಂಡಿದ್ದಾಳೆ ಎಂಬುದು ನನಗೆ ತಿಳಿಯಲಿಲ್ಲ.

ಆಗಲೇ ಹರಿಹರದಲ್ಲಿ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದರ ಮಾದರಿ ವಿಭಾಗಕ್ಕೆ ಹುಡುಗರು ಬೇಕಾಗಿದ್ದಾರೆಂಬ ಸುದ್ದಿ ಬಂತು. ಅಲ್ಲಿ ಯಂತ್ರದ ಪ್ರತಿಯೊಂದು ಭಾಗವನ್ನೂ ಮೊದಲು ಕಟ್ಟಿಗೆಯಲ್ಲಿ ಕೆತ್ತುತ್ತಾರೆ, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ, ಆ ಅಚ್ಚಿಗೆ ಕಾಯಿಸಿದ ಕಬ್ಬಿಣ ಹೊಯ್ಯುತ್ತಾರೆ. ಕಟ್ಟಿಗೆ ಕೆತ್ತಲು ಕರೆದು ಕೆಲಸ ಕೊಡುವ ಜಾಗ ಲೋಕದಲ್ಲಿದೆ ಎಂದು ಕೇಳಿ ನನಗೆ ಎರಡು ದಿನ ಊಟ ಸೇರಲಿಲ್ಲ. ಅರ್ಜಿ ಹಾಕಿದೆ. ಸ್ವಂತ ಕೈಯಿಂದ ಮಾಡಿದ ಒಂದು ಮಾದರಿಯೊಂದಿಗೆ ಇಂಥ ಸೋಮವಾರ ಬರಬೇಕೆಂದು ಕಾಗದ ಬಂತು.

ಅಪ್ಪಾಜಿ ಕಾಗದವನ್ನು ಎರಡು ಸಲ ಓದಿ ಮಡಚಿದರು.

"ಹೋಗು. ಒಂದು ಸಲ ನೋಡು. ಆಗಲಿಲ್ಲ ಅಂದ್ರೆ ಯುಗಾದಿ ದಿನ ಅಂಗಡಿ ಗಾದಿ ಹತ್ತಬೇಕು. ಆಮೇಲೆ ಉಳಿ, ಸುತ್ತಿಗೆ ಅಂತ ನನ್ನ ಕಿವಿಗೆ ಬೀಳಬಾರದು."

"ಆಗಲಿ ಅಪ್ಪಾಜಿ."

ಅಂಗಡಿಯ ಗಾದಿ ಮೆತ್ತಗೇ ಇತ್ತು. ಆದರೆ ಅದರ ಮೇಲೆ ಕೂತ ಯಾರೂ ಮತ್ತೆ ಎದ್ದದ್ದನ್ನು ನಾನು ನೋಡಿರಲಿಲ್ಲ.

ಏನು ಮಾಡಿಕೊಂಡು ಹೋಗಬೇಕು? ನಂದಿಗುಡಿಯಲ್ಲಿದ್ದ ನಮ್ಮ ಸೋದರತ್ತೆಯ ಗದ್ದೆಗೆ ಹೊಸದಾಗಿ ಡೀಸೆಲ್ ಎಂಜಿನ್ನಿನ ಪಂಪು ಬಂದಿತ್ತು. ಅದರ ಮಾದರಿಯನ್ನೇ ಮಾಡುವುದೆಂದು ಉಳಿಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. ಒಂದು ತಿಂಗಳು ಅಲ್ಲೇ ಇದ್ದೆ. ಭತ್ತದ ಗದ್ದೆಯ ಬದುವಿನಲ್ಲಿ ಕೂತು ಆ ಎಂಜಿನ್ನಿನ ಹೊಟ್ಟೆ ಬೆನ್ನುಗಳನ್ನು ದಾರ ಹಿಡಿದು ಅಳೆಯುತ್ತಿದ್ದೆ. ಅತ್ತೆ ಬಂದವರಿಗೆಲ್ಲ, "ನಮ್ಮಣ್ಣನ ಮಗ. ಎಂಜಿನ್ನಿಗೆ ಅಂಗಿ ಹೊಲಿಯಾಕೆ ಅಳತಿ ತಗಳಾಕೆ ಬಂದಾನೆ," ಎಂದು ಹೇಳುತ್ತಿದ್ದಳು. ಮಾದರಿ ಚೆನ್ನಾಗಿ ಬಂತು. ಅಂಗೈ ಉದ್ದದ ಎಂಜಿನ್, ತಿರುಗುವ ಗಾಲಿ, ಕಿರುಬೆರಳು ದಪ್ಪದ ಕೊಳವೆ. ಅದರ ಜೊತೆಗೆ ಪಂಪಿನ ಕೊಳವೆ ಅಳೆಯಲು ಹೊಳೆಯ ನೀರಿನಲ್ಲಿ ನಿಂತು ನಿಂತು ಒಂದು ಭಾರೀ ನೆಗಡಿಯೂ ಬಂತು. ಎರಡನ್ನೂ ಕಟ್ಟಿಕೊಂಡು ಊರಿಗೆ ಮರಳಿದೆ. ಸೋಮವಾರಕ್ಕೆ ಇನ್ನೂ ಆರು ದಿನ ಇತ್ತು.

ಮರುದಿನ ಬುಧವಾರ ಉಗ್ರಾಣಕ್ಕೆ ಹೋದರೆ ನನ್ನ ಡಬ್ಬಿಗಳೆಲ್ಲ ನೆಟ್ಟಗೆ ನಿಂತಿದ್ದವು. ಯಾರೋ ಗೂಡು ಒರೆಸುವಾಗ ತಿರುಗಿಸಿರಬೇಕು ಎಂದುಕೊಂಡೆ. ತಿಂಗಳು ನೆಟ್ಟಗೆ ನಿಂತ ಬಣ್ಣದ ಗತಿ ಏನಾಗಿದೆಯೋ ಎಂದು ಹಸಿರಿನ ಮುಚ್ಚಳ ತೆಗೆದೆ. ಕೆನೆ ಇಲ್ಲ. ಗಂಟಿಲ್ಲ. ಮೇಲೆ ಒಂದು ಬೆರಳು ತಿಳಿ ಎಣ್ಣೆ, ಅದರ ಕೆಳಗೆ ಬೆಣ್ಣೆಯಂಥ ಬಣ್ಣ. ಕಪ್ಪು ಹಾಗೇ, ಕೆಂಪೂ ಹಾಗೇ. ನನ್ನ ಕೈಗುಣದ ಬಗ್ಗೆ ನನಗೇ ಭಯಭಕ್ತಿ ಹುಟ್ಟಿತು. ಹನುಮಂತಪ್ಪನ ಮಾತು ನೆನೆದು, ಆ ಎಣ್ಣೆಯನ್ನು ಒಂದು ಹನಿಯೂ ಚೆಲ್ಲದೆ ಪೂರಾ ಒಳಗೆ ಕಲಕಿದೆ. ಮೂಗು ಕಟ್ಟಿತ್ತಾದ್ದರಿಂದ ವಾಸನೆಯ ಪ್ರಶ್ನೆಯೇ ಬರಲಿಲ್ಲ.

ಎಂಜಿನ್ನಿಗೆ ಹಸಿರು, ಗಾಲಿಗೆ ಕಪ್ಪು, ಕೊಳವೆಯ ಬಾಯಿಗೆ ಕೆಂಪು. ಅಷ್ಟು ನುಣುಪಾಗಿ ಬಣ್ಣ ಇಳಿದದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಧೂಳು ಬೀಳದಿರಲೆಂದು ಮಾದರಿಯನ್ನು ಏಣಿ ಹಾಕಿ ಅಟ್ಟದ ಮೇಲಿಟ್ಟೆ.

ಗುರುವಾರ ಬೆಳಿಗ್ಗೆ ಮುಟ್ಟಿದೆ. ಅಂಟು. ಸಂಜೆ ಮುಟ್ಟಿದೆ. ಅದೇ ಅಂಟು. "ಚಳಿ ಐತಲ್ಲ, ಒಣಗಾಕೆ ತಡ ಆಗ್ತೈತೆ," ಅಂದಳು ಅವ್ವ. ನಮ್ಮ ಮನೆಯ ಒಂದು ಗುಣವನ್ನು ಇಲ್ಲಿ ಹೇಳಬೇಕು. ಯಾವುದೇ ವಸ್ತು ಒಣಗಿದೆಯೋ ಇಲ್ಲವೋ ಎಂಬುದನ್ನು ನಮ್ಮವರು ಇನ್ನೊಬ್ಬರ ಮಾತಿನ ಮೇಲೆ ನಂಬುವುದಿಲ್ಲ. ಹಪ್ಪಳವಾಗಲಿ, ಶ್ಯಾವಿಗೆಯಾಗಲಿ, ಬಣ್ಣವಾಗಲಿ, ಪ್ರತಿಯೊಬ್ಬರೂ ಸ್ವತಃ ಬೆರಳಿಟ್ಟು ನೋಡಬೇಕು. ಶುಕ್ರವಾರದ ಹೊತ್ತಿಗೆ ಅವ್ವನ ಸೆರಗಿನ ಮೇಲೆ, ನೀರಿನ ಹಂಡೆಯ ಮೇಲೆ, ಬಾಗಿಲ ಚಿಲಕದ ಮೇಲೆ ಹಸಿರು ಬೆರಳಿನ ಗುರುತುಗಳು ಮೂಡಿದ್ದವು. ನಾನು ಮತ್ತೆ ಮತ್ತೆ ಕುಂಚ ಹಿಡಿದು ಮಾದರಿಯ ಮೇಲೆ ಬಿದ್ದ ಬೆರಳಿನ ಗುಳಿಗಳನ್ನು ತೀಡುತ್ತಿದ್ದೆ.

ಈ ಮಾದರಿಯ ಗೊಡವೆಗೇ ಹೋಗದವರು ಅಪ್ಪಾಜಿ ಒಬ್ಬರೇ. ಅದರ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಎಂದಿನಂತೆ ಪೂಜೆ ಮುಗಿಸಿ, ಮೂರು ಬೆರಳಲ್ಲಿ ವಿಭೂತಿ ಧರಿಸಿ, ರುಮಾಲು ಸುತ್ತಿ ಅಂಗಡಿಗೆ ಹೊರಟರು. ಹಣೆಯ ಮೇಲೆ ಮೂರು ಪಟ್ಟೆ. ಮೇಲಿನದು ಬಿಳಿ, ಕೆಳಗಿನದು ಬಿಳಿ, ನಡುವಿನದು ಅಪ್ಪಟ ಹಸಿರು.

ನಾನು ನೋಡಿದೆ, ಅವ್ವ ನೋಡಿದಳು. ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಮಧ್ಯಾಹ್ನದವರೆಗೆ ಅಂಗಡಿಯಲ್ಲಿ ಆ ಹಣೆ ಹೊತ್ತು ಕೂತಿದ್ದರು. ಗುಮಾಸ್ತರು ನೋಡಿದರು, ಹತ್ತಿ ತಂದ ರೈತರು ನೋಡಿದರು. ಇದು ಯಾವ ಹೊಸ ವ್ರತವೋ ಎಂದುಕೊಂಡು ಕೈಮುಗಿದವರೂ ಇದ್ದರಂತೆ. ಊಟಕ್ಕೆ ಬಂದಾಗ ಅವ್ವ ಕನ್ನಡಿಯನ್ನು ಸುಮ್ಮನೆ ಅವರ ಮುಂದೆ ಇಟ್ಟಳು. ಅಪ್ಪಾಜಿ ನೋಡಿಕೊಂಡರು.

"ಈ ಮನೆಯಾಗೆ ಬಣ್ಣನ ಎಲ್ಲೆಂದ್ರಲ್ಲಿ ಇಡ್ತಾರೆ," ಅಂದರು. "ಮನುಷ್ಯ ಓಡಾಡಂಗಿಲ್ಲ."

ಬಣ್ಣ ಇದ್ದದ್ದು ಅಟ್ಟದ ಮೇಲೆ. ಏಣಿ ಹತ್ತದೆ ಅದು ಯಾರಿಗೂ ತಾಗುವಂತಿರಲಿಲ್ಲ. ಅಪ್ಪಾಜಿಯ ಮೊಣಕಾಲು ನೋವಿಗೆ ಮೂರು ವರ್ಷದಿಂದ ಮದ್ದು ನಡೆದಿತ್ತು. ನಾನು ತಲೆ ತಗ್ಗಿಸಿ ಊಟ ಮಾಡಿದೆ.

ಶನಿವಾರ ಮಾದರಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಒಯ್ದು, ಒಂದು ಮಣೆಯ ಮೇಲಿಟ್ಟು ಬಂದೆ. ಎರಡು ತಾಸು ಬಿಟ್ಟು ಹೋಗಿ ನೋಡಿದರೆ ಮಣೆಗೆ ಇರುವೆ ಹತ್ತಿದ್ದವು. ಗೋಡೆಯ ಬಿರುಕಿನಿಂದ ಹೊರಟು ಎಂಜಿನ್ನಿನವರೆಗೆ ಸಾಲುಗಟ್ಟಿದ್ದವು. ಕೆಲವು ಆಗಲೇ ಗಾಲಿಗೆ ಅಂಟಿಕೊಂಡು ಕಾಲು ಬಡಿಯುತ್ತಿದ್ದವು. ಬಣ್ಣಕ್ಕೆ ಇರುವೆ ಮುತ್ತಿದ್ದನ್ನು ಎಲ್ಲಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ಓಡಿಹೋಗಿ ಹನುಮಂತಪ್ಪನನ್ನು ಕರೆತಂದೆ. ಅವನು ಮಂಡಕ್ಕಿ ತಿನ್ನುತ್ತಿದ್ದವನು ಪೊಟ್ಟಣದ ಸಮೇತ ಬಂದ. ಎಂಜಿನ್ನಿನ ಹತ್ತಿರ ಬಗ್ಗಿದ, ಮೂಸಿದ, ನನ್ನ ಮುಖ ನೋಡಿದ, ಮತ್ತೆ ಮೂಸಿದ.

"ಕೊಟ್ರೇಶಿ, ಇದಕ್ಕೆ ಸಾಸಿವಿ ಒಂದು ಹಾಕಿಲ್ಲ ನೋಡು."

"ಏನಂದಿ?"

"ಇದ್ರಾಗೆ ಶೇಂಗಾ ಎಣ್ಣೆ ಐತೆ. ಹದಿನೈದು ದಿನ ಅಲ್ಲ, ಮುಂದಿನ ಯುಗಾದಿ ತನಕ ಇಟ್ರೂ ಇದು ಒಣಗಲ್ಲ. ಯಾರು ಹಾಕಿದ್ರಪಾ ಇದನ್ನ?"

ಮಾಳಿಗೆಯ ಮೆಟ್ಟಿಲ ಮೇಲೆ ಅಜ್ಜಿ ನಿಂತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು.

"ನಾನು ಹಾಕೀನಿ," ಅಂದಳು.

ನಡೆದದ್ದು ಇಷ್ಟು. ನಾನು ನಂದಿಗುಡಿಗೆ ಹೋದ ಮರುದಿನ ಅಜ್ಜಿ ಗೂಡು ನೋಡಿದ್ದಳು. ಡಬ್ಬಿಗಳು ಬೋರಲಿದ್ದವು. ತುಂಬಿದ ಪಾತ್ರೆಯನ್ನು ಬೋರಲು ಹಾಕಿದರೆ ಮನೆಗೆ ಒಳ್ಳೆಯದಲ್ಲ, ಬೋರಲು ಹಾಕುವುದು ಬರಿದಾದದ್ದನ್ನು. ಮೊಮ್ಮಗ ಅವಸರದಲ್ಲಿ ಹಾಗೆ ಇಟ್ಟುಹೋಗಿದ್ದಾನೆ ಎಂದು ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿದಳು. ವಾರ ಬಿಟ್ಟು ಒಂದರ ಮುಚ್ಚಳ ತೆಗೆದು ನೋಡಿದರೆ ಮೇಲಿನ ಟರ್ಪೆಂಟೈನ್ ಆರಿ, ತೆಳ್ಳಗೆ ಕೆನೆ ಕಟ್ಟತೊಡಗಿತ್ತು. ಅವಳ ಉಗ್ರಾಣದಲ್ಲಿ ಒಂದು ವಸ್ತು ಕೆಡುತ್ತಿದೆ ಎಂದರೆ ಅವಳಿಗೆ ನಿದ್ದೆ ಬಂದೀತೇ? ಉಪ್ಪಿನಕಾಯಿಗೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಕೆನೆ ತೆಗೆದು, ಒಂಬತ್ತೂ ಡಬ್ಬಿಗೆ ಒಂದು ಬೆರಳು ಗಾಣದ ಶೇಂಗಾ ಎಣ್ಣೆ ಹೊಯ್ದು ಮುಚ್ಚಿದಳು.

"ಎಣ್ಣಿ ಮ್ಯಾಲೆ ನಿಂತ್ರೆ ವರ್ಷಗಟ್ಲೆ ಕೆಡಲ್ಲ ಮಗಾ," ಅಂದಳು. "ಕೆಡಲಿಲ್ಲ ಅಲ್ವಾ?"

ಕೆಟ್ಟಿರಲಿಲ್ಲ, ನಿಜ. ನಾನು ಏನೋ ಒರಟಾಗಿ ಅಂದೆ. ಏನೆಂದು ಇಲ್ಲಿ ಬರೆಯುವುದಿಲ್ಲ. ಅಜ್ಜಿ ತಿರುಗಿ ಕೆಳಗಿಳಿದು ಹೋದಳು. ಅವಳ ಹೆಜ್ಜೆಯ ಸದ್ದು ಅಡುಗೆಮನೆಯನ್ನು ದಾಟಿ ಉಗ್ರಾಣದ ಒಳಗೆ ಹೋಗಿ ನಿಂತಿತು. ಹನುಮಂತಪ್ಪ ಮಂಡಕ್ಕಿಯ ಪೊಟ್ಟಣ ಮಡಚಿದ.

"ಚಿಮಣಿ ಎಣ್ಣಿ ಹಾಕಿ ಪೂರಾ ಒರೆಸಿ ಹೊಸಾ ಬಣ್ಣ ಹಚ್ಚಬಹುದು. ಆದ್ರೆ ಕಟ್ಟಿಗಿ ಎಣ್ಣಿ ಕುಡಿದೈತೆ. ಸೋಮವಾರದೊಳಗೆ ಅದೂ ಒಣಗಲ್ಲ. ಮುದುಕಿ ಮ್ಯಾಲೆ ಸಿಟ್ಟಾಗಬ್ಯಾಡಪಾ. ನನ್ನ ಮನೆಯಾಗೆ ನನ್ನ ಡಬ್ಬಿನ ಹಿಂಗೆ ಕಾಯೋರು ಒಬ್ರೂ ಇಲ್ಲ."

ಆ ರಾತ್ರಿ ಅಜ್ಜಿ ಊಟ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ನಾನೇ ಉಗ್ರಾಣದ ಹೊಸ್ತಿಲಿಗೆ ಹೋಗಿ ನಿಂತೆ. ಒಳಗೆ ಕುಟ್ಟುವ ಸದ್ದು. ಅಜ್ಜಿ ಎರಡು ವಿಭೂತಿ ಗಟ್ಟಿಗಳನ್ನು ಕಲಬತ್ತಿನಲ್ಲಿ ಪುಡಿ ಮಾಡುತ್ತಿದ್ದಳು.

"ಅಜ್ಜಿ, ತಪ್ಪಾತು. ಊಟಕ್ಕೆ ಬಾ."

"ತಪ್ಪು ನಿಂದಲ್ಲ. ನನ್ನ ಉಗ್ರಾಣದಾಗೆ ಕೆಟ್ಟಿದ್ದು ನಾನೇ ಸರಿ ಮಾಡಬೇಕು. ನಿನ್ನ ಎಂಜಿನ್ ತಗಂಬಾ."

"ಏನು ಮಾಡ್ತಿ?"

"ಜಿಡ್ಡಿನ ಪಾತ್ರೆಗೆ ಏನು ಹಾಕ್ತೀವಿ? ಬೂದಿ. ಇದು ಅದಕ್ಕಿಂತ ನುಣುಪಾದ ಬೂದಿ."

"ವಿಭೂತಿನ ಎಂಜಿನ್ನಿಗಾ?"

"ಎತ್ತಿಗೆ ಹಚ್ಚಲ್ವಾ? ತಕ್ಕಡಿಗೆ ಹಚ್ಚಲ್ವಾ? ಇದೇನು ಪಾಪ ಮಾಡೈತೆ?"

ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದಳು. ಅದನ್ನು ಹಚ್ಚಲು ಮೆತ್ತನೆಯದು ಏನಾದರೂ ಬೇಕಿತ್ತು. ಅಪ್ಪಾಜಿ ಆ ಹೊತ್ತಿಗೆ ಉಗ್ರಾಣದ ಮುಂದೆ ಹಾದುಹೋದವರು ಒಳಗೆ ನೋಡಲಿಲ್ಲ. ಒಂದು ಹಿಡಿ ಅರಳೆಯನ್ನು ಹೊಸ್ತಿಲ ಮೇಲಿಟ್ಟು ಹಾಗೇ ಮುಂದೆ ಹೋದರು. ನನಗೆ ಹತ್ತಿಯ ಜ್ಞಾನವಿಲ್ಲ ಎಂದೆನಲ್ಲ, ಆದರೂ ಅದು ಅಂಗಡಿಯ ಉತ್ತಮ ಜಾತಿಯ ಅರಳೆ ಎಂಬುದು ಮುಟ್ಟಿದೊಡನೆ ತಿಳಿಯಿತು.

ಅಜ್ಜಿ ಅರಳೆಯ ಉಂಡೆಗೆ ಪುಡಿ ತಗುಲಿಸಿ ಕೂಸಿನ ಮೈಗೆ ಹಚ್ಚುವ ಹಾಗೆ ಎಂಜಿನ್ನಿಗೆ ಹಚ್ಚಿದಳು. ಒಂದು ಸಲ ಹಚ್ಚಿ, ಊದಿ, ಮತ್ತೊಂದು ಸಲ. ಐದಾರು ಸಲ ಆಗುವಷ್ಟರಲ್ಲಿ ಜಿಡ್ಡು ಪುಡಿಯನ್ನು ಕುಡಿದು ಕೂತಿತು. ಹೊಳಪೆಲ್ಲ ಹೋಯಿತು. ಆದರೆ ಬೆರಳಿಟ್ಟರೆ ಅಂಟುತ್ತಿರಲಿಲ್ಲ. ಹಸಿರು ಸ್ವಲ್ಪ ಬೂದುಬಣ್ಣಕ್ಕೆ ತಿರುಗಿ, ನಂದಿಗುಡಿಯ ಗದ್ದೆಯಲ್ಲಿ ಧೂಳು ಹೊದ್ದು ನಿಂತ ನಿಜವಾದ ಎಂಜಿನ್ನಿನ ಹಾಗೆಯೇ ಕಂಡಿತು.

ಸೋಮವಾರ ಬೆಳಗಿನ ರೈಲಿಗೆ ಹರಿಹರಕ್ಕೆ ಹೋದೆ. ಮಾದರಿ ತೊಡೆಯ ಮೇಲಿತ್ತು. ಹರಿಹರ ಸಮೀಪಿಸಿದಾಗ ಹೊಳೆಯ ದಿಕ್ಕಿಗೆ ಎದ್ದು ನಿಂತು ಕೈಮುಗಿಯಬೇಕೆಂದರೆ ಕೈ ಖಾಲಿ ಇರಲಿಲ್ಲ. ತಲೆಯನ್ನೇ ಬಾಗಿಸಿದೆ.

ಮಾದರಿ ವಿಭಾಗದ ಹಿರಿಯ ಮೇಸ್ತ್ರಿ ಮೌನೇಶಾಚಾರ್ ಎಂಬವರು. ಕಿವಿಯ ಹಿಂದೆ ಪೆನ್ಸಿಲು, ಹುಬ್ಬಿನ ಮೇಲೆ ಕಟ್ಟಿಗೆಯ ಪುಡಿ. ಮಾದರಿಯನ್ನು ಕೈಗೆ ತೆಗೆದುಕೊಂಡರು, ಗಾಲಿ ತಿರುಗಿಸಿದರು, ಕೊಳವೆಯೊಳಗೆ ಕಣ್ಣಿಟ್ಟರು. ಆಮೇಲೆ ಎಂಜಿನ್ನಿನ ಮೇಲೆ ಹೆಬ್ಬೆರಳು ಎಳೆದರು. ಪುಡಿ ಸರಿದು ಹಸಿರು ಹೊಳೆಯಿತು.

"ಪುಡಿ ಹೊಡೆದೀಯಲ್ಲ. ಯಾರು ಹೇಳಿಕೊಟ್ರು?" ಅಂದರು.

"ನಮ್ಮ ಅಜ್ಜಿ."

"ಯಾವ ಕಾರ್ಖಾನಿಯಾಗೆ ಇದಾರೆ?"

"ಮನೆಯಾಗೆ, ಉಗ್ರಾಣದಾಗೆ ಇರ್ತಾರ್ರಿ."

ಅವರು ಪೆನ್ಸಿಲು ತೆಗೆದು ಕೆಳಗಿಟ್ಟರು. ಮರಳಿನಲ್ಲಿ ಒತ್ತುವ ಮುಂಚೆ ಮಾದರಿಗೆ ನುಣ್ಣನೆಯ ಪುಡಿ ಹೊಡೆಯದಿದ್ದರೆ ಮರಳು ಅದಕ್ಕೆ ಅಂಟಿ ಅಚ್ಚು ಕಿತ್ತುಹೋಗುತ್ತದೆ, ಅದು ಅವರ ಕಸುಬಿನ ಪದ್ಧತಿಯಂತೆ. ಹೊಸಬರಿಗೆ ಅದು ತಿಳಿದಿರುವುದಿಲ್ಲ. ಹೌದೆಂದು ತಲೆಯಾಡಿಸಿದ್ದರೆ ನನ್ನ ಕೆಲಸ ಅಲ್ಲೇ ಆಗಿಹೋಗುತ್ತಿತ್ತೇನೋ. ಒಂದು ಗಳಿಗೆ ಆ ಆಸೆಯೂ ಬಂತು. ಆದರೆ ಅಜ್ಜಿ ಮೆಟ್ಟಿಲ ಮೇಲೆ ನಿಂತು "ನಾನು ಹಾಕೀನಿ" ಅಂದ ದನಿ ಇನ್ನೂ ಕಿವಿಯಲ್ಲಿತ್ತು. ಉಪ್ಪಿನಕಾಯಿಯಿಂದ ಹಿಡಿದು ಇರುವೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪಾಜಿಯ ಹಣೆಯ ವಿಷಯವನ್ನು ಮಾತ್ರ ಹೇಳಲಿಲ್ಲ, ಅದು ಮನೆಯ ಮರ್ಯಾದೆ.

ಮೌನೇಶಾಚಾರರು ನಕ್ಕರು. ನಕ್ಕು ನಕ್ಕು ಕಣ್ಣೀರು ಬಂದು, ಹುಬ್ಬಿನ ಪುಡಿ ಕಣ್ಣಿಗಿಳಿದು, ಇಬ್ಬರು ಬಂದು ನೀರು ಕೊಡಬೇಕಾಯಿತು. ಆಮೇಲೆ ಗಂಭೀರವಾಗಿ ನನ್ನನ್ನು ಒಂದು ಮೂಲೆಗೆ ಕರೆದುಕೊಂಡು ಹೋದರು. ಅಲ್ಲೊಂದು ಕಪಾಟು. ಅದರ ತುಂಬ ಬಣ್ಣದ ಡಬ್ಬಿಗಳು, ಎಲ್ಲ ನೆಟ್ಟಗೆ ನಿಂತಿದ್ದವು, ಅರ್ಧಕ್ಕರ್ಧ ಮುಚ್ಚಳವಿಲ್ಲದವು. ಮಾದರಿಯ ಯಾವ ಮುಖಕ್ಕೆ ಯಾವ ಬಣ್ಣ ಇದೆ ಎಂಬುದನ್ನು ನೋಡಿಯೇ ಮುಂದಿನವರು ಎಲ್ಲಿ ಕೊರೆಯಬೇಕು, ಎಲ್ಲಿ ಬಿಡಬೇಕು ಎಂದು ತಿಳಿದುಕೊಳ್ಳುತ್ತಾರೆ. ಬಣ್ಣ ಕೆಟ್ಟರೆ ಕೆಲಸವೇ ಕೆಟ್ಟಂತೆ.

"ಎಲ್ರೂ ಹಚ್ತಾರೆ. ಮುಚ್ಚಿಡೋರು ಒಬ್ರೂ ಇಲ್ಲ. ಕೆತ್ತೋ ಕೈ ನಿಂದು ನೋಡ್ದೆ, ಅದು ಸಾಕು. ಈಗ ಇವುಗಳನ್ನ ಬದುಕಿಸು, ಆಮೇಲೆ ಮಾತಾಡೋಣ."

ಆ ಮಧ್ಯಾಹ್ನವನ್ನು ನಾನು ಹೇಗೆ ವರ್ಣಿಸಲಿ? ಮೊಣಕೈವರೆಗೆ ಅಂಗಿಯ ತೋಳು ಮಡಚಿದೆ. ಬಿಸಿನೀರು ಕೇಳಿ ತಂದೆ, ಹಳೇ ಬಟ್ಟೆ ಕೇಳಿ ತಂದೆ. ಕೆನೆ ಕೊಯ್ದೆ, ಕಲಕಿದೆ, ಹನಿ ಹನಿ ಬಿಟ್ಟೆ, ಸೋಸಿದೆ. ಆಚೀಚೆ ಕೆಲಸ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. "ಡಾಕ್ಟ್ರು ಬಂದಾರೆ ಕಣ್ರಲೇ," ಅಂದ ಒಬ್ಬ. ನಾಲ್ಕು ಗಂಟೆಯ ಹೊತ್ತಿಗೆ ಇಪ್ಪತ್ತಕ್ಕೂ ಮೇಲೆ ಡಬ್ಬಿಗಳು ಉಸಿರಾಡುತ್ತಿದ್ದವು. ನಾಲ್ಕೈದು ನನ್ನ ಕೈ ಮೀರಿ ಹೋಗಿದ್ದವು. ಅವನ್ನು ಬೇರೆ ಇಟ್ಟು, ಬದುಕಿದವನ್ನು ಮೇಣ ಹಚ್ಚಿ ಬೋರಲು ಹಾಕಿದೆ. ಮೌನೇಶಾಚಾರರು ಒಂದು ಡಬ್ಬಿ ತೆಗೆದು, ಕಡ್ಡಿಯಿಂದ ಒಂದು ಹಲಗೆಯ ಮೇಲೆ ಗೆರೆ ಎಳೆದು, ಬೀಡಿ ಸೇದಿ ಮುಗಿಸಿ, ಬೆರಳಿಟ್ಟು ನೋಡಿದರು. ಅದು ಆಗಲೇ ಬಿಗಿಯತೊಡಗಿತ್ತು.

"ನಾಳಿಂದ ಬಾ. ಬುತ್ತಿ ಕಟ್ಕಂಬಾ," ಅಂದರು. ನಾನು ಬಾಗಿಲು ದಾಟಿದ ಮೇಲೆ ಹಿಂದಿನಿಂದ ಕೂಗಿದರು, "ಎಣ್ಣಿ ತರಬ್ಯಾಡ."

ಸಂಜೆಯ ರೈಲು ದಾವಣಗೆರೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಪ್ಪಾಜಿ ನಿಲ್ದಾಣದಲ್ಲಿ ನಿಂತಿದ್ದರು. ಮನೆಯವರು ಯಾರೇ ಊರಿಂದ ಬರಲಿ, ಅವರನ್ನು ಕರೆಯಲು ಅಪ್ಪಾಜಿ ನಿಲ್ದಾಣಕ್ಕೆ ಬಂದವರಲ್ಲ. ಆಳು ಬರುತ್ತಿದ್ದ, ಗಾಡಿ ಬರುತ್ತಿತ್ತು. ಇವತ್ತು ಏನೋ ಪಾರ್ಸೆಲ್ ನೋಡಲು ಬಂದವರಂತೆ ಮಾಲುಕೋಣೆಯ ಕಡೆ ಮುಖ ಮಾಡಿದ್ದರು. ನಾನು ಹತ್ತಿರ ಹೋಗಿ ನಿಂತೆ.

ಏನಾಯಿತು ಎಂದು ಕೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಬಲಗೈಯ ಮಣಿಕಟ್ಟು ಹಿಡಿದು ಮೇಲೆತ್ತಿ, ಹತ್ತಿಯ ಎಳೆಯನ್ನು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು. ಕೆಂಪು, ಕಪ್ಪು, ಹಳದಿ, ಉಗುರಿನ ಸಂದಿನಿಂದ ಮುಂಗೈವರೆಗೆ. ಎಡಗೈಯನ್ನೂ ನೋಡಿದರು. ಎರಡನ್ನೂ ಬಿಟ್ಟು ರುಮಾಲು ಸರಿಮಾಡಿಕೊಂಡರು.

"ಈ ಕೈ ತಗಂಡು ನನ್ನ ಹತ್ತಿ ಮುಟ್ಟಾಕೆ ಬರಬ್ಯಾಡ ಮತ್ತೆ," ಅಂದರು. "ನಡಿ, ಅಜ್ಜಿ ಊಟಕ್ಕೆ ಕಾಯ್ತಿದಾಳೆ."